ನಮ್ಮ ನೆತ್ತರಿನ ಲೆಕ್ಕ ಕೊಡಿ

ರಕ್ತದಾನ ಮಹಾದಾನ ಎಂದು ಗೋಡೆ ಗೋಡೆಯ ಮೇಲೆ ಬರೆಸುವವರೇ, ನಿಮ್ಮ ಹತ್ತಿರ ನಮ್ಮದೊಂದು ತಕರಾರಿದೆ.

ದಾನ ಎಂಬ ಪದ ನಮಗೆ ಹೊಸದೇನಲ್ಲ. ನಮ್ಮ ತಾತಂದಿರು ನಿಮ್ಮ ಹೊಲದಲ್ಲಿ ಬಿಟ್ಟಿ ಗೇದರು. ಅದನ್ನು ಸೇವೆ ಎಂದಿರಿ. ಸುಗ್ಗಿಯ ಕೊನೆಗೆ ನಮ್ಮಜ್ಜಿಯರು ಕಣದ ಅಂಚಿನಲ್ಲಿ ಸೆರಗೊಡ್ಡಿ ನಿಂತರು. ಆ ಸೆರಗಿಗೆ ಬಿದ್ದ ಜೊಳ್ಳನ್ನು ದಾನ ಎಂದಿರಿ. ನಾವು ಕೊಟ್ಟರೆ ಸೇವೆ, ನೀವು ಕೊಟ್ಟರೆ ದಾನ. ಇದು ನಿಮ್ಮ ನಿಘಂಟು. ಅಂಥವರು ಇದ್ದಕ್ಕಿದ್ದ ಹಾಗೆ ನಮ್ಮ ತೋಳಿನಿಂದ ಹರಿಯುವುದನ್ನು ದಾನ, ಅದರಲ್ಲೂ ಮಹಾದಾನ ಎಂದು ಹೊಗಳಿದರೆ ನಾವು ಹಿಗ್ಗಬೇಕೇ? ಹಿಗ್ಗುವ ಮೊದಲು ಲೆಕ್ಕ ಕೇಳುತ್ತೇವೆ. ಕೇಳುವಷ್ಟು ಅಕ್ಷರ ನಮ್ಮ ಮನೆಗಳಿಗೆ ಈ ತಲೆಮಾರಿನಲ್ಲಿ ಬಂದಿದೆ.

ರಕ್ತ ಕೊಡಬೇಡಿ ಎಂದು ನಾವು ಹೇಳುತ್ತಿಲ್ಲ. ಹೆರಿಗೆಯಲ್ಲಿ ಸೋರಿಹೋಗುವ ತಾಯಿಗೆ, ಗಾಲಿಗೆ ಸಿಕ್ಕ ಕೂಲಿಯವನಿಗೆ ಕೊಡಲೇಬೇಕು, ಕೊಡುತ್ತಲೇ ಇರುತ್ತೇವೆ. ಕೊಟ್ಟದ್ದು ಎಲ್ಲಿಗೆ ಹೋಯಿತು, ಏನಾಗಿ ಮರಳಿತು, ಯಾವ ಬೆಲೆಗೆ ಮರಳಿತು? ಇಷ್ಟೇ ನಮ್ಮ ಪ್ರಶ್ನೆ. ಈ ಪ್ರಶ್ನೆಯನ್ನು ನಮಗೆ ಕಲಿಸಿದ್ದು ಒಂದು ರೋಗ ಮತ್ತು ಒಂದು ಬಾಟಲಿ.

ಮೊದಲು ರೋಗದ ಮಾತು. ಹಾಲಿಗೆ ಹೆಪ್ಪು ಹಾಕುವುದು ನಮ್ಮವ್ವಂದಿರಿಗೆ ಗೊತ್ತು. ಮೈಯ ನೆತ್ತರೂ ಗಾಯವಾದ ಕಡೆ ಹೆಪ್ಪಾಗಬೇಕು. ಆಗದಿದ್ದರೆ ಜೀವ ಸೋರಿಹೋಗುತ್ತದೆ. ಆ ಹೆಪ್ಪಿಗೆ ಮೊದಲ ಕಲ್ಲಿಡುವುದು ಪ್ಲೇಟ್‌ಲೆಟ್ ಎಂಬ ಕಿರುಕಣಗಳು. ಡೆಂಗಿ ಜ್ವರದ ದೆಸೆಯಿಂದ ಈ ಪದ ಹಳ್ಳಿಯ ಟೀ ಅಂಗಡಿಗೂ ಗೊತ್ತು, ಪಪ್ಪಾಯಿ ಎಲೆ ಅರೆದು ಕುಡಿಸುವವರಿಗೂ ಗೊತ್ತು. ಆರೋಗ್ಯವಾಗಿರುವವರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇವು 1.5 ಲಕ್ಷದಿಂದ 4.5 ಲಕ್ಷ ಇರುತ್ತವೆ. ಐಟಿಪಿ ಎಂಬ ರೋಗದಲ್ಲಿ ಈ ಎಣಿಕೆ 1 ಲಕ್ಷಕ್ಕಿಂತ ಕೆಳಗಿಳಿಯುತ್ತದೆ. ಕೆಲವರಲ್ಲಿ 10 ಸಾವಿರಕ್ಕಿಂತಲೂ ಕೆಳಗೆ. ಇದು ಸೊಳ್ಳೆಯ ಕೆಲಸವಲ್ಲ. ಹೊರಗಿನ ಶತ್ರುವನ್ನು ಹಿಡಿಯಲೆಂದು ಮೈ ತಯಾರಿಸುವ ಪ್ರತಿಕಾಯಗಳೇ ತಮ್ಮವೇ ಆದ ಪ್ಲೇಟ್‌ಲೆಟ್‌ಗಳ ಬೆನ್ನಿಗೆ ಚೀಟಿ ಅಂಟಿಸುತ್ತವೆ. ಚೀಟಿ ಬಿದ್ದ ಕಣವನ್ನು ಗುಲ್ಮದಲ್ಲಿ ಕೂತ ಕಾವಲು ಕಣಗಳು ಹಿಡಿದು ನುಂಗುತ್ತವೆ. ಅದು ತಪ್ಪು ಮಾಡಿತೆಂದಲ್ಲ, ಅದರ ಮೇಲೆ ಚೀಟಿ ಬಿತ್ತೆಂದು. ಹುಟ್ಟಿನ ಚೀಟಿ ಬೆನ್ನಿಗೆ ಹೊತ್ತುಕೊಂಡೇ ಬದುಕಿದ ನಮಗೆ ಈ ರೋಗ ಅರ್ಥವಾಗಲು ವೈದ್ಯರ ಪದವಿ ಬೇಕಾಗಿಲ್ಲ.

ದೋಷ ಇರುವುದು ನೆತ್ತರಿನಲ್ಲೇ ಎಂದು ತೋರಿಸಿದವನು ಅಮೆರಿಕದ ಸೇಂಟ್ ಲೂಯಿಸ್ ಊರಿನ ವೈದ್ಯ ವಿಲಿಯಂ ಹ್ಯಾರಿಂಗ್ಟನ್. 1950ರಲ್ಲಿ ಈ ರೋಗವಿದ್ದ ಒಬ್ಬರ ರಕ್ತವನ್ನು ತನ್ನ ನಾಳಕ್ಕೇ ಏರಿಸಿಕೊಂಡ. ಕೆಲವೇ ಗಂಟೆಯಲ್ಲಿ ಅವನ ಪ್ಲೇಟ್‌ಲೆಟ್ ನೆಲಕಚ್ಚಿದವು. ಸಾವಿನ ಬಾಗಿಲು ನೋಡಿ ಬಂದ. ಇನ್ನೊಬ್ಬರ ನೋವನ್ನು ತನ್ನ ಮೈಮೇಲೆ ಎಳೆದುಕೊಂಡು ಕಲಿತ ವಿದ್ಯೆ ಇದು. ಇಂಥ ವಿದ್ಯೆಗೆ ನಾವು ಕೈ ಮುಗಿಯುತ್ತೇವೆ. ನಮ್ಮ ಜಗಳ ವಿಜ್ಞಾನದ ಮೇಲಲ್ಲ.

ಜಗಳ ಶುರುವಾಗುವುದು ರೋಗವನ್ನು ಕಾಣುವ ಕಣ್ಣಿನಿಂದ. ಪುಸ್ತಕದಲ್ಲಿ ಬರೆದಿದೆ: ಚರ್ಮದ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು, ಏಟು ಬೀಳದೆಯೂ ನೀಲಿಗಟ್ಟುವ ಕಲೆಗಳು. ಯಾರ ಚರ್ಮ ಸ್ವಾಮಿ? ಬಿಸಿಲಲ್ಲಿ ಬೆಂದ ನಮ್ಮ ಕಪ್ಪು ಚರ್ಮದ ಮೇಲೆ ಆ ಕೆಂಪು ಸುಲಭಕ್ಕೆ ಕಾಣುವುದಿಲ್ಲ. ಬಾಯಿ ತೆರೆಸಿ ಅಂಗುಳ ನೋಡಬೇಕು, ಕೆನ್ನೆಯ ಒಳಮೈ ನೋಡಬೇಕು. ನೋಡಬೇಕಾದರೆ ಹತ್ತಿರ ಬರಬೇಕು, ಮುಟ್ಟಬೇಕು. ಕೂಲಿ ಹೆಂಗಸಿನ ತೋಳಲ್ಲಿ ನೀಲಿ ಕಲೆ ಕಂಡರೆ ‘ಗಂಡ ಕುಡಿದು ಬಡಿದಿರ್ತಾನೆ ಬಿಡಿ’ ಎಂದು ಚೀಟಿ ಬರೆದು ಕಳಿಸುವ ದೇಶ ಇದು. ಬಡಿದಿದ್ದರೂ ಕೇಳುವುದಿಲ್ಲ, ರೋಗವಿದ್ದರೂ ಕೇಳುವುದಿಲ್ಲ.

ಈ ರೋಗ ಬಂದ ಹೆಂಗಸಿಗೆ ತಿಂಗಳ ನೆತ್ತರು ನಿಲ್ಲದೆ ಹರಿಯಬಹುದು. ಅವಳು ಅದನ್ನು ಯಾರಿಗೆ ಹೇಳಬೇಕು? ನಮ್ಮ ಭಾಷೆಯಲ್ಲಿ ಮುಟ್ಟು ಎಂದರೆ ತಾಕು. ಮುಟ್ಟು ಎಂದರೆ ಹೆಂಗಸಿನ ತಿಂಗಳ ನೆತ್ತರೂ ಹೌದು. ಎರಡನ್ನೂ ಮೈಲಿಗೆ ಮಾಡಿದ ಧರ್ಮ ಒಂದೇ. ಹಟ್ಟಿಯ ಹೆಣ್ಣು ಎರಡು ಪಟ್ಟು ಮುಟ್ಟಬಾರದವಳು, ಹುಟ್ಟಿನಿಂದ ಒಮ್ಮೆ, ತಿಂಗಳಿಗೆ ಇನ್ನೊಮ್ಮೆ. ಮೊದಲನೆಯ ಮೈಲಿಗೆಯನ್ನು ಸುಡುತ್ತೇನೆ ಎಂದು ಬೀದಿಗೆ ಬಂದ ಗಂಡಸು ಎರಡನೆಯದನ್ನು ಮನೆಯ ಹಿತ್ತಿಲಲ್ಲಿ ಸಾಕಿಕೊಂಡರೆ ಅದು ಬಂಡಾಯವಲ್ಲ.

ನಮ್ಮ ಹಟ್ಟಿಯ ಒಂದು ಹುಡುಗಿ, ಹದಿನೇಳರವಳು, ಪಿಯುಸಿ ಓದುವವಳು. ಹನ್ನೊಂದು ದಿನ ನೆತ್ತರು ಹೋದರೂ ಬಾಯಿ ಬಿಡದೆ, ಹನ್ನೆರಡನೆಯ ದಿನ ಬಚ್ಚಲ ಬಾಗಿಲಲ್ಲಿ ಬಿದ್ದಳು. ಎತ್ತಿಕೊಂಡು ಹೋದ ಆಸ್ಪತ್ರೆಯಲ್ಲಿ ಎಣಿಕೆ 4 ಸಾವಿರ ಎಂದರು. ಸ್ಟೀರಾಯ್ಡ್ ಮಾತ್ರೆ ಶುರು ಮಾಡಿದರು. ಆ ಮಾತ್ರೆ ಅಗ್ಗ, ಬಹಳ ಜನಕ್ಕೆ ಅದೇ ಸಾಕಾಗುತ್ತದೆ. ಚಿಕ್ಕ ಮಕ್ಕಳಿಗಂತೂ ಎಷ್ಟೋ ಸಲ ಮದ್ದೇ ಬೇಡ, ತಾನಾಗಿ ವಾಸಿಯಾಗುತ್ತದೆ. ಆದರೆ ಮಾತ್ರೆ ಕೆಲಸ ಮಾಡಲು ದಿನಗಳು ಬೇಕು, ಹರಿಯುವ ನೆತ್ತರು ಕಾಯುವುದಿಲ್ಲ. ತಲೆಯೊಳಗೆ ಸೋರಿದರೆ ಅಲ್ಲಿಗೆ ಮುಗಿಯಿತು. ಅಂಥ ಹೊತ್ತಿಗೆ ಬೇಕಾದದ್ದು ನಾಳಕ್ಕೆ ಏರಿಸುವ ಪ್ರತಿಕಾಯದ ಬಾಟಲಿ, ಆಸ್ಪತ್ರೆಯವರ ಬಾಯಲ್ಲಿ ಐವಿಐಜಿ. ಮೈತೂಕದ ಕೆ.ಜಿ.ಗೆ 1 ಗ್ರಾಂ ಲೆಕ್ಕ. ಹುಡುಗಿ ಇದ್ದದ್ದು 40 ಕೆ.ಜಿ. 5 ಗ್ರಾಂ ಬಾಟಲಿಗಳು ಎಂಟು ಬೇಕು.

‘ಮೊದ್ಲು ರಕ್ತ ಕೊಡೋರ್ನ ನಾಕು ಜನ ಕರ್ಕೊಂಬನ್ನಿ’ ಎಂದರು. ಗಾರೆ ಕೆಲಸಕ್ಕೆ ಹೋಗಿದ್ದ ಹುಡುಗರು ಆ ದಿನದ ಕೂಲಿ ಬಿಟ್ಟು ಬಂದು ತೋಳು ಚಾಚಿದರು. ಅವರಿಗೆ ಬಿಸ್ಕತ್ತು ಕೊಟ್ಟರು, ಮಹಾದಾನ ಎಂದು ಅಚ್ಚು ಹಾಕಿದ ಸರ್ಟಿಫಿಕೇಟು ಕೊಟ್ಟರು. ಅದೇ ಸಂಜೆ ಬಾಟಲಿಯ ಚೀಟಿ ಬಂತು. ನಮ್ಮ ಕಾರ್ಡು ತೋರಿಸಿದೆವು. ‘ಇದಕ್ಕೆ ನಡೆಯಲ್ಲ, ಹೊರಗಿಂದ ತನ್ನಿ’ ಎಂದರು. ಎಂಟು ಬಾಟಲಿಗೆ ಲಕ್ಷದ ಹತ್ತಿರ ಹೋಯಿತು. ಅವಳವ್ವನ ಓಲೆ ಹೋಯಿತು, ಹಾಲು ಕರೆಯುವ ಹಸು ಹೋಯಿತು, ಸಂಘದ ಸಾಲ ಬಂತು, ಅದರ ಮೇಲೆ ಬಡ್ಡಿಯವನ ಸಾಲ ಬಂತು. ಮೂರನೆಯ ದಿನ ಎಣಿಕೆ 60 ಸಾವಿರಕ್ಕೆ ಏರಿತು. ಹುಡುಗಿ ಎದ್ದು ಕೂತು ಮುದ್ದೆ ಕೇಳಿದಳು. ಮದ್ದು ಸುಳ್ಳಲ್ಲ. ಆದರೆ ಅದರ ಬಲ ಕೆಲವೇ ವಾರ. ಎಣಿಕೆ ಮತ್ತೆ ಬಿದ್ದರೆ ಮತ್ತೆ ಬಾಟಲಿ. ಮಾರಲು ಇನ್ನೊಂದು ಹಸು ಇಲ್ಲ.

ಕೊಡುವಾಗ ದಾನ, ಕೊಳ್ಳುವಾಗ ಸಾಲ. ಈ ಎರಡು ಪದಗಳ ನಡುವೆ ಏನು ನಡೆಯಿತು ಎಂದು ನಾವು ಕೇಳುತ್ತಿದ್ದೇವೆ.

ಏನಿದೆ ಆ ಬಾಟಲಿಯಲ್ಲಿ? ಇರುವುದು ಮನುಷ್ಯರೇ. ರಕ್ತದಿಂದ ಕಣಗಳನ್ನು ಬೇರೆ ಮಾಡಿದರೆ ಉಳಿಯುವ ಹಳದಿ ನೀರು ಪ್ಲಾಸ್ಮಾ. ಸಾವಿರಾರು ಜನರ ಪ್ಲಾಸ್ಮಾವನ್ನು ಒಂದೇ ಕೊಪ್ಪರಿಗೆಗೆ ಸುರಿದು ಅದರಿಂದ ಪ್ರತಿಕಾಯಗಳನ್ನು ಹೆಕ್ಕುತ್ತಾರೆ. ಇವು ರೋಗಿಯ ಮೈಗೆ ಏರಿದಾಗ, ಪ್ಲೇಟ್‌ಲೆಟ್ ನುಂಗುತ್ತಿದ್ದ ಕಾವಲು ಕಣಗಳ ಬಾಯಿಗೆ ಇವೇ ತುಂಬಿಕೊಳ್ಳುತ್ತವೆ; ನುಂಗುವವನಿಗೆ ಬಿಡುವಿಲ್ಲದಂತಾಗುತ್ತದೆ. ಇವು ಕೆಲಸ ಮಾಡುವ ಬೇರೆ ದಾರಿಗಳೂ ಇವೆ. ಐಟಿಪಿಗೆ ಈ ಮದ್ದು ಹಿಡಿಯುತ್ತದೆಂದು ತೋರಿಸಿದ್ದು ಸ್ವಿಟ್ಜರ್ಲೆಂಡಿನ ಬರ್ನ್ ಊರಿನ ಮಕ್ಕಳ ವೈದ್ಯ ಪಾಲ್ ಇಂಬಾಕ್ ಮತ್ತು ಸಂಗಡಿಗರು. 13 ಮಕ್ಕಳ ಮೇಲಿನ ಫಲಿತಾಂಶ 1981ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆ ಮದ್ದನ್ನು ತಯಾರಿಸಿದ್ದು ಸ್ವಿಸ್ ರೆಡ್ ಕ್ರಾಸಿನ ಪ್ರಯೋಗಾಲಯ. 2000ರಲ್ಲಿ ಆ ಪ್ರಯೋಗಾಲಯವನ್ನು ಆಸ್ಟ್ರೇಲಿಯಾದ ಸಿಎಸ್‌ಎಲ್ ಕಂಪನಿ ಕೊಂಡಿತು. ಆ ಸಿಎಸ್‌ಎಲ್ಲೂ 1916ರಲ್ಲಿ ಸರ್ಕಾರವೇ ಕಟ್ಟಿದ ಸಂಸ್ಥೆ. 1994ರಲ್ಲಿ ಸರ್ಕಾರ ಅದನ್ನು ಖಾಸಗಿಗೆ ಮಾರಿತು. ಜನರ ನೆತ್ತರು, ಜನರ ಸಂಸ್ಥೆ, ಕೊನೆಗೆ ಷೇರುಪೇಟೆ.

ಕೊಪ್ಪರಿಗೆಯಲ್ಲಿ ಎಲ್ಲರದೂ ಬೆರೆಯುತ್ತದಲ್ಲ, ಹಾಗಾದರೆ ರಕ್ತಕ್ಕೆ ಜಾತಿಯಿಲ್ಲ ಎಂದು ಇಲ್ಲಿ ಯಾರೋ ಚಪ್ಪಾಳೆ ತಟ್ಟುತ್ತಾರೆ. ತಡೀರಿ. 1927ರಲ್ಲಿ ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಯ ನೀರು ಮುಟ್ಟಿದರು. ಸವರ್ಣೀಯರು ಆ ಕೆರೆಗೆ ಸಗಣಿ ಗಂಜಲ ಸುರಿದು ಶುದ್ಧಿ ಮಾಡಿದರು. ಪ್ಲಾಸ್ಮಾಕ್ಕೂ ಶುದ್ಧಿ ಇದೆ. 1940ರ ದಶಕದಲ್ಲಿ ಹಾರ್ವರ್ಡಿನ ಎಡ್ವಿನ್ ಕೋನ್ ಯುದ್ಧದ ಗಾಯಾಳುಗಳಿಗಾಗಿ ಕಂಡುಹಿಡಿದ ದಾರಿ: ತಣ್ಣನೆಯ ಆಲ್ಕೋಹಾಲಿನಲ್ಲಿ ಅದ್ದಿ ಒಂದೊಂದೇ ಸಾರವನ್ನು ಬೇರೆ ಮಾಡುವುದು. ಈಗ ಅದರ ಜೊತೆಗೆ ವೈರಸ್ಸನ್ನು ಕೊಲ್ಲುವ ರಾಸಾಯನಿಕ, ಆಮ್ಲ, ಅತಿ ಸಣ್ಣ ಕಣ್ಣಿನ ಜರಡಿ. ಈ ಶುದ್ಧಿ ಕೇಳುವುದು ಒಂದೇ ಪ್ರಶ್ನೆ: ರೋಗಾಣು ಇದೆಯೇ? ತಂದೆ ಯಾರು, ಯಾವ ಕೇರಿ ಎಂದು ಅದು ಕೇಳುವುದಿಲ್ಲ. ನಮ್ಮ ಲೋಟವನ್ನು ಬೇರೆ ಇಟ್ಟವರ ನಾಳದಲ್ಲೂ ನಾಳೆ ಈ ಬೆರಕೆ ನೆತ್ತರಿನ ಸಾರ ಹರಿಯಬಹುದು, ಅವರು ಬದುಕಬಹುದು. ಬದುಕಲಿ. ಆದರೆ ರಕ್ತಕ್ಕೆ ಜಾತಿಯಿಲ್ಲ ಎಂಬ ವೇದಿಕೆ ಮಾತಿನಿಂದ ನಮ್ಮ ಹೊಟ್ಟೆ ತುಂಬಿ ಹೋಗಿದೆ. ರಕ್ತಕ್ಕೆ ಜಾತಿಯಿಲ್ಲ, ನಿಜ. ಬಾಟಲಿಗೆ ಬೆಲೆಯಿದೆ. ಆ ಬೆಲೆಯಲ್ಲಿ ಜಾತಿ ಅಡಗಿ ಕೂತಿದೆ.

ಈ ಕೊಪ್ಪರಿಗೆಗೆ ತೋಳು ಚಾಚಿದವರ ಚರಿತ್ರೆ ನೋಡಿ. 1971-72ರಲ್ಲಿ ಹೈಟಿಯ ರಾಜಧಾನಿಯಲ್ಲಿ ಹೆಮೊ ಕೆರಿಬಿಯನ್ ಎಂಬ ಕಂಪನಿ ಬಡವರ ಪ್ಲಾಸ್ಮಾವನ್ನು ಲೀಟರಿಗೆ 3 ಡಾಲರಿನಂತೆ ಕೊಂಡು ಅಮೆರಿಕಕ್ಕೆ ಸಾಗಿಸಿತು. ಗುಲಾಮರಾಗಿ ಬಂದವರ ಮೊಮ್ಮಕ್ಕಳು ಅವರು. ಕಬ್ಬಿನ ಗದ್ದೆ ಮುಗಿದ ಮೇಲೆ ನಾಳಕ್ಕೆ ಸೂಜಿ ಬಂತು. ನಿಕರಾಗುವಾದ ಮನಾಗುವಾದಲ್ಲಿ ಇಂಥದೇ ಪ್ಲಾಸ್ಮಾ ಕೇಂದ್ರವಿತ್ತು. ಅದರ ಬಣ್ಣ ಬಯಲು ಮಾಡಿದವರು ಲಾ ಪ್ರೆನ್ಸಾ ಪತ್ರಿಕೆಯ ಸಂಪಾದಕ ಪೆದ್ರೊ ಹೊವಾಕಿನ್ ಚಮೊರೊ. 1978ರ ಜನವರಿ 10ರಂದು ಅವರನ್ನು ಗುಂಡಿಕ್ಕಿ ಕೊಂದರು. ರೊಚ್ಚಿಗೆದ್ದ ಜನ ಆ ಕೇಂದ್ರಕ್ಕೇ ಬೆಂಕಿ ಇಟ್ಟರು. 1990ರ ದಶಕದ ಮೊದಲಲ್ಲಿ ಚೀನಾದ ಹೆನಾನ್ ಪ್ರಾಂತ್ಯದಲ್ಲಿ ರೈತರ ಪ್ಲಾಸ್ಮಾ ತೆಗೆದುಕೊಂಡು, ಬೆರಕೆಯಾದ ಕೆಂಪು ಕಣಗಳನ್ನು ಅವರ ಮೈಗೇ ತಿರುಗಿ ಏರಿಸಿದರು; ಹಳ್ಳಿ ಹಳ್ಳಿಗೆ ಎಚ್‌ಐವಿ ಹಬ್ಬಿತು. ಅದನ್ನು ಕೂಗಿ ಹೇಳಿದ ವೃದ್ಧ ವೈದ್ಯೆ ಗಾವ್ ಯಾವ್‌ಜಿಯೆ ದೇಶ ಬಿಡಬೇಕಾಯಿತು. 2023ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಇಂದಿಗೂ ಜಗತ್ತಿನ ಪ್ಲಾಸ್ಮಾದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಬರುವುದು ಅಮೆರಿಕದಿಂದ. ಅಲ್ಲಿ ವಾರಕ್ಕೆ ಎರಡು ಸಲ ಪ್ಲಾಸ್ಮಾ ಕೊಟ್ಟು ಹಣ ಪಡೆಯಲು ಕಾನೂನೇ ಬಿಡುತ್ತದೆ. ಆ ಸಾಲಿನಲ್ಲಿ ಬಂಗಲೆಯವರು ನಿಲ್ಲುವುದಿಲ್ಲ. ಬಾಡಿಗೆ ಕಟ್ಟಲಾಗದವರು ನಿಲ್ಲುತ್ತಾರೆ.

ನಮ್ಮ ದೇಶ ಏನು ಕಡಿಮೆ? ರಕ್ತ ಮಾರಿ ಹೊಟ್ಟೆ ಹೊರೆಯುವವರ ಸಾಲು ನಮ್ಮ ಶಹರಗಳಲ್ಲೂ ಇತ್ತು. ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪು ಕೊಟ್ಟು, 1998ರ ಜನವರಿ 1ರಿಂದ ಅದು ನಿಷೇಧವಾಯಿತು. ಆಮೇಲೂ 2008ರಲ್ಲಿ ಉತ್ತರಪ್ರದೇಶದ ಗೋರಖಪುರದಲ್ಲಿ ಕೂಲಿಗಳನ್ನು ಕೂಡಿಹಾಕಿ ರಕ್ತ ಹಿಂಡುತ್ತಿದ್ದ ಜಾಲ ಸಿಕ್ಕಿಬಿತ್ತು. ಆದ್ದರಿಂದ ‘ಹಾಗಾದ್ರೆ ರಕ್ತಕ್ಕೆ ದುಡ್ಡು ಕೊಡಿ ಅಂತೀರಾ?’ ಎಂದು ಕೇಳಬೇಡಿ. ಇಲ್ಲ. ಹಸಿದವನ ನಾಳಕ್ಕೆ ಬೆಲೆ ಕಟ್ಟಿದರೆ ಅವನು ಹಿಂಡಿಹೋಗುವವರೆಗೂ ಮಾರುತ್ತಾನೆ ಎಂದು ಹೈಟಿ ಹೇಳಿದೆ, ಹೆನಾನ್ ಹೇಳಿದೆ. ನಾವು ಮಾರುವವರಲ್ಲ. ಆದರೆ ನಾವು ಮಾರದೆ ಕೊಟ್ಟದ್ದನ್ನು ಬೇರೆಯವರು ಮಾರಿಕೊಳ್ಳುವುದು ಯಾವ ನ್ಯಾಯ?

ಲೆಕ್ಕ ಮಾಡೋಣ. ಒಬ್ಬರು ಒಂದು ಸಲ ಕೊಡುವ 350 ಮಿ.ಲೀ. ರಕ್ತದಲ್ಲಿ ಪ್ಲಾಸ್ಮಾ ಸುಮಾರು 200 ಮಿ.ಲೀ. ಒಂದು ಲೀಟರು ಪ್ಲಾಸ್ಮಾದಿಂದ ಸಿಗುವ ಪ್ರತಿಕಾಯ ಸುಮಾರು 4 ಗ್ರಾಂ. ಅಂದರೆ ನಮ್ಮ ಹುಡುಗಿಯ 40 ಗ್ರಾಂ ಮದ್ದಿಗೆ 10 ಲೀಟರು. 50 ಜನರ ತೋಳು. ನಮ್ಮ ಹಟ್ಟಿಯ ಮನೆಗೊಬ್ಬರು ಸಾಲು ನಿಂತರೆ ಆಯಿತು. ರಕ್ತ ಕೇಂದ್ರಗಳಲ್ಲಿ ಮಿಗುವ ಪ್ಲಾಸ್ಮಾವನ್ನು ಮದ್ದಿನ ಕಾರ್ಖಾನೆಗೆ ಕೊಡಲು ಕೇಂದ್ರ ಸರ್ಕಾರ 2015-16ರ ಹೊತ್ತಿಗೆ ಲೀಟರಿಗೆ 1600 ರೂಪಾಯಿ ವಿನಿಮಯ ದರ ಗೊತ್ತು ಮಾಡಿತು. ಆ ದರದಲ್ಲಿ 10 ಲೀಟರಿಗೆ 16 ಸಾವಿರ. ಬಾಟಲಿಯಾಗಿ ನಮ್ಮ ಬಾಗಿಲಿಗೆ ಬಂದಾಗ ಲಕ್ಷದ ಹತ್ತಿರ.

ನಡುವೆ ಖರ್ಚಿಲ್ಲವೇ? ಇದೆ. ಪರೀಕ್ಷೆಗೆ ಖರ್ಚಿದೆ, ಯಂತ್ರಕ್ಕೆ ಖರ್ಚಿದೆ, ವೈರಸ್ ತೆಗೆಯಲು ಖರ್ಚಿದೆ, ತಿಂಗಳುಗಟ್ಟಲೆ ಕೆಲಸವಿದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದೇ ಲೀಟರಿನಿಂದ ಆಲ್ಬುಮಿನ್ ಕೂಡ ಬರುತ್ತದೆ, ಹಿಮೊಫಿಲಿಯಾದವರಿಗೆ ಬೇಕಾದ ಹೆಪ್ಪುಗಟ್ಟಿಸುವ ಅಂಶವೂ ಬರುತ್ತದೆ. ಒಂದೇ ಹಸುವಿನ ಹಾಲು, ಮೊಸರು, ತುಪ್ಪ ಎಲ್ಲ ಬೇರೆ ಬೇರೆ ಬೆಲೆಗೆ ಮಾರಿದಂತೆ. ಖರ್ಚೆಷ್ಟು, ಲಾಭವೆಷ್ಟು ಎಂದು ಬಿಚ್ಚಿ ತೋರಿಸಿ. ಹಸುವಿಗೆ ಲೆಕ್ಕ ಕೇಳುವ ಬಾಯಿಲ್ಲ. ನಮಗಿದೆ.

ಇನ್ನು ದೊಡ್ಡವರ ದೊಡ್ಡ ಉತ್ತರ: ‘ಇದು ಅಪರೂಪದ ರೋಗ. ಕ್ಷಯ ಇದೆ, ರಕ್ತಹೀನತೆ ಇದೆ, ಮೊದಲು ಅವನ್ನು ನೋಡಬೇಕು.’ ವರ್ಷಕ್ಕೆ ಲಕ್ಷ ಜನರಲ್ಲಿ ಎರಡರಿಂದ ನಾಲ್ಕು ಮಂದಿಗೆ ಐಟಿಪಿ ಬರುತ್ತದೆ, ನಿಜ. ಈ ಲೆಕ್ಕವನ್ನು 140 ಕೋಟಿ ಜನರ ದೇಶಕ್ಕೆ ಗುಣಿಸಿ ನೋಡಿ ಸ್ವಾಮಿ, ಎಷ್ಟು ಸಾವಿರ ಮನೆಗಳು! ಕ್ಷಯಕ್ಕೆ ಮದ್ದು ಕೊಡುವುದನ್ನು ನಿಲ್ಲಿಸಿ ಎಂದು ನಾವು ಯಾವತ್ತೂ ಕೇಳಿಲ್ಲ. ಒಬ್ಬ ಬಡವನ ರೋಗವನ್ನು ಇನ್ನೊಬ್ಬ ಬಡವನ ರೋಗದ ಎದುರಿಗೆ ನಿಲ್ಲಿಸಿ ಹೋರಾಡಿಸುವುದು ಹಳೆಯ ಒಡೆಯರ ಆಟ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಹಿಮೊಫಿಲಿಯಾ ಸೇರಿತು, ಥಲಸೀಮಿಯಾ ಸೇರಿತು, ಸಿಕಲ್ ಸೆಲ್ ಸೇರಿತು. ಆ ರೋಗಿಗಳು, ಅವರ ತಾಯಂದಿರು ಸಂಘ ಕಟ್ಟಿ ಕೂಗಿದರು. ಕೂಗಿದವರ ಹೆಸರು ಪಟ್ಟಿಗೆ ಬಂತು. ಐಟಿಪಿ ಆ ಪಟ್ಟಿಯಲ್ಲಿ ಇಲ್ಲ. ಅಪರೂಪ ಎಂದರೆ ಒಂಟಿ. ಒಂಟಿಯಾದವರನ್ನು ಮರೆಯುವುದು ಸರ್ಕಾರಕ್ಕೆ ಸುಲಭ.

ಆಗುವುದಿಲ್ಲ ಎನ್ನಬೇಡಿ. ಆಸ್ಟ್ರೇಲಿಯಾದಲ್ಲಿ ಜನ ಹಣ ಪಡೆಯದೆ ಪ್ಲಾಸ್ಮಾ ಕೊಡುತ್ತಾರೆ. ಅದನ್ನು ಮದ್ದು ಮಾಡಲು ಸರ್ಕಾರ ಕಂಪನಿಗೆ ಕೂಲಿ ಕೊಡುತ್ತದೆ, ಸಾಲದ್ದನ್ನು ಹೊರಗಿನಿಂದ ಕೊಳ್ಳುತ್ತದೆ. ನಿಯಮದಂತೆ ಬೇಕಾದ ರೋಗಿಗೆ ಬಾಟಲಿ ಉಚಿತ. ಜನ ಕೊಟ್ಟದ್ದು ಜನರಿಗೆ ಮರಳುವ ದಾರಿ ಇದೆ ಎಂದಾಯಿತು. ಇಲ್ಲಿ ಇಲ್ಲದಿರುವುದು ದಾರಿಯಲ್ಲ, ಮನಸ್ಸು.

ಆದ್ದರಿಂದ ನಾವು ಕೇಳುತ್ತೇವೆ. ಪ್ರತಿಯೊಂದು ರಕ್ತ ಕೇಂದ್ರವೂ ವರ್ಷಕ್ಕೆ ಎಷ್ಟು ಲೀಟರು ಪ್ಲಾಸ್ಮಾ ಹೊರಗೆ ಹೋಯಿತು, ಯಾರಿಗೆ ಹೋಯಿತು, ಬದಲಿಗೆ ಏನು ಬಂತು ಎಂದು ಅದೇ ಗೋಡೆಯ ಮೇಲೆ, ಅದೇ ದಪ್ಪ ಅಕ್ಷರದಲ್ಲಿ ಬರೆಸಲಿ. ಜನ ಪುಕ್ಕಟೆ ಕೊಟ್ಟ ಪ್ಲಾಸ್ಮಾದಿಂದ ಆದ ಮದ್ದಿನಲ್ಲಿ ಒಂದು ಗೊತ್ತಾದ ಪಾಲು ಸರ್ಕಾರಿ ಆಸ್ಪತ್ರೆಗೆ ಪುಕ್ಕಟೆಯಾಗಿ ಮರಳಲಿ. ಜಿಲ್ಲಾಸ್ಪತ್ರೆಯ ತಂಪುಪೆಟ್ಟಿಗೆಯಲ್ಲಿ ಆಪತ್ತಿಗೆ ಬೇಕಾಗುವಷ್ಟು ಬಾಟಲಿ ಸದಾ ಇರಲಿ. ನಮ್ಮ ಹಳ್ಳಿಗೆ ಬರುವ ಆಶಾ ಅಕ್ಕನಿಗೆ, ನರ್ಸಮ್ಮನಿಗೆ ಕಪ್ಪು ಚರ್ಮದಲ್ಲಿ ಈ ರೋಗವನ್ನು ಹೇಗೆ ಕಾಣಬೇಕೆಂದು ಕಲಿಸಲಿ. ಬಾಯಿ ತೆರೆಸಿ ನೋಡಲಿ, ಮುಟ್ಟಿನ ದಿನ ಎಷ್ಟು ಎಂದು ನಾಚದೆ ಕೇಳಲಿ.

ಗೆಳೆಯರೇ, ನಮ್ಮ ನಮ್ಮ ಊರಿನಲ್ಲಿ ರಕ್ತ ಶಿಬಿರ ನಡೆದಾಗ ಹೋಗೋಣ, ತೋಳು ಚಾಚೋಣ. ಬಿಸ್ಕತ್ತು ತಿಂದು ಸರ್ಟಿಫಿಕೇಟು ಮಡಚಿಕೊಂಡು ಸುಮ್ಮನೆ ಬರುವುದು ಬೇಡ. ‘ನಮ್ಮ ಪ್ಲಾಸ್ಮಾ ಎಲ್ಲಿಗೆ ಹೋಗುತ್ತೆ?’ ಎಂದು ಒಬ್ಬೊಬ್ಬರೂ ಕೇಳಿ ಬರೋಣ. ಒಬ್ಬ ಕೇಳಿದರೆ ನಗುತ್ತಾರೆ, ಐವತ್ತು ಜನ ಕೇಳಿದರೆ ಕಡತ ತೆಗೆಯುತ್ತಾರೆ.

ಕಣದಲ್ಲಿ ಪಾಲು ಕೇಳುವ ದನಿ ನಮ್ಮ ತಾತಂದಿರಿಗೆ ಇರಲಿಲ್ಲ. ಈ ಕೊಪ್ಪರಿಗೆಯಲ್ಲಿ ನಮ್ಮ ಪಾಲನ್ನು ನಾವು ಕೇಳುತ್ತಿದ್ದೇವೆ. ದಾನ ಎಂಬ ಪದವನ್ನು ನೀವೇ ಇಟ್ಟುಕೊಳ್ಳಿ, ನಮಗೆ ಲೆಕ್ಕ ಕೊಡಿ.